ಗಂಗಕ್ಕನ ಕಿವಿ ಮತ್ತು ಕಾರಿನ ‘ಟಣ್’

ಮೆಕ್ಯಾನಿಕ್ ಶೆಡ್ಡಿನಲ್ಲಿ ಒಂದು ಸ್ಟೂಲು ಎಳೆದುಕೊಂಡು ಸುಮ್ಮನೆ ಅರ್ಧ ಗಂಟೆ ಕೂತು ನೋಡಿ, ಊರಿನ ದೊಡ್ಡ ಮನುಷ್ಯರ ನಿಜವಾದ ಪ್ರತಿಭೆ ಗೊತ್ತಾಗುತ್ತದೆ. ಇಸ್ತ್ರಿಯ ಮಡಿಕೆ ಮುರಿಯದ ಅಂಗಿ ತೊಟ್ಟ, ಆಫೀಸಿನಲ್ಲಿ ‘ಹೂಂ’ ಎನ್ನಲೂ ಯೋಚಿಸುವ ಗೃಹಸ್ಥರೊಬ್ಬರು ಕೆನ್ನೆ ಉಬ್ಬಿಸಿ, ಕತ್ತು ಓರೆ ಮಾಡಿ, ‘ಗುಂಯ್ಯ್... ಕಿರ್‌ಕಿರ್... ಕಟಕಟಕಟ’ ಎಂದು ಬಾಯಲ್ಲೇ ಕಾರು ಓಡಿಸುತ್ತಿರುತ್ತಾರೆ. ಎದುರಿಗೆ ನಿಂತ ಮೆಕ್ಯಾನಿಕ್ಕು ಎಣ್ಣೆ ಕೈ ಒರೆಸಿಕೊಳ್ಳುತ್ತ, ‘ಸಾರ್, ಗುಂಯ್ ಅಂತದಾ, ಗೊಂಯ್ ಅಂತದಾ? ಸರಿಯಾಗಿ ಹೇಳಿ’ ಎಂದು ಪಾಟೀಸವಾಲು ಹಾಕುತ್ತಾನೆ. ಗೃಹಸ್ಥರು ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು, ಇನ್ನೊಂದು ಸಲ ಹಾಡುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮನೆಯಿಂದ ಶೆಡ್ಡಿನ ತನಕ ಕರಕರ ಎಂದು ಪ್ರಾಣ ತಿಂದ ಕಾರು ಮೆಕ್ಯಾನಿಕ್ಕಿನ ಮುಖ ಕಂಡ ಕೂಡಲೇ ಸಂಭಾವಿತನಂತಾಗಿಬಿಡುತ್ತದೆ. ಜ್ವರ ಅಂತ ಎತ್ತಿಕೊಂಡು ಹೋದ ಮಗು ಡಾಕ್ಟರ ಬಾಗಿಲಲ್ಲಿ ಇಳಿದು ಓಡಿಯಾಡುವುದಿಲ್ಲವೇ, ಹಾಗೆ. ಆಮೇಲೆ ಆ ಸದ್ದನ್ನು ನಾವೇ ಮಾಡಿ ತೋರಿಸದೆ ಬೇರೆ ದಾರಿ ಏನಿದೆ ಹೇಳಿ.

ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದ ಮೇಷ್ಟರಾದರೂ ಈ ವಿದ್ಯೆಯಲ್ಲಿ ನಾನು ಶುದ್ಧ ದಡ್ಡ. ನನ್ನ ಬಾಯಲ್ಲಿ ಬ್ರೇಕಿನ ಸದ್ದು, ಬೆಲ್ಟಿನ ಸದ್ದು, ಸೈಲೆನ್ಸರಿನ ಸದ್ದು ಎಲ್ಲವೂ ಒಂದೇ ‘ಕಟಕಟ’ ಆಗಿ ಬರುತ್ತವೆ. ‘ಸಾರ್, ನೀವು ಗಾಡಿ ಬಿಟ್ಟು ಮನೆಗೆ ಹೋಗಿ. ಅದನ್ನೇ ಕೇಳ್ಕೋತೀನಿ’ ಎಂದು ಒಬ್ಬ ಮೆಕ್ಯಾನಿಕ್ಕು ಕೈಮುಗಿದಿದ್ದ. ಒಮ್ಮೆಯಂತೂ ಹಿಂದಿನ ಚಕ್ರದಲ್ಲಿ ಭಯಂಕರ ಸದ್ದು ಎಂದು ಅರ್ಧ ದಿನ ಕಾರು ಬಿಚ್ಚಿಸಿದೆ. ಕೊನೆಗೆ ಸೀಟಿನ ಕೆಳಗೆ ಸಿಕ್ಕಿದ್ದು ನನ್ನ ಹೆಂಡತಿ ತಿಂಗಳಿಂದ ಹುಡುಕುತ್ತಿದ್ದ ಟಿಫಿನ್ ಡಬ್ಬಿಯ ಮುಚ್ಚಳ. ಆ ಮುಚ್ಚಳವನ್ನು ಅವಳು ತೊಳೆದು ಒರೆಸಿ, ಬಂದವರಿಗೆಲ್ಲ ತೋರಿಸಿ, ಕಥೆ ಹೇಳಿದಳು. ಇಂಥ ನನಗೆ ಗಂಗಕ್ಕನಂಥ ಅಕ್ಕ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ಯಾರೂ ನಂಬುವುದಿಲ್ಲ.

ಅಕ್ಕನ ಎಡಗಾಲನ್ನು ಪೋಲಿಯೊ ಅವಳು ನಡೆಯುವುದನ್ನು ಕಲಿಯುವ ಮೊದಲೇ ತೆಗೆದುಕೊಂಡಿತು. ನಾವು ಆಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕಾರ್ಖಾನೆಯ ಜೀಪಿನ ಡ್ರೈವರು. ನಾನೂ ಅಣ್ಣ ಶಿವಣ್ಣನೂ ಚಡ್ಡಿ ಹರಿಯುವ ತನಕ ಬೀದಿಯಲ್ಲಿ ಕುಣಿಯುತ್ತಿದ್ದರೆ ಅಕ್ಕ ಜಗುಲಿಯ ಮೇಲೆ ಕೂತಿರುತ್ತಿದ್ದಳು. ಪಾಪ ಎಂದುಕೊಳ್ಳಬೇಡಿ, ಅವಳು ಸುಮ್ಮನೆ ಕೂತಿರುತ್ತಿರಲಿಲ್ಲ. ಕಿವಿಯಲ್ಲೇ ಇಡೀ ಬೀದಿ ಸುತ್ತಿ ಬರುತ್ತಿದ್ದಳು. ಮೂಲೆ ತಿರುಗುವ ಮೊದಲೇ ಬರುತ್ತಿರುವುದು ಯಾರ ಸೈಕಲ್ಲು, ಅದರ ಚೈನಿಗೆ ಎಣ್ಣೆ ಬಿಟ್ಟಿದ್ದಾರೋ ಇಲ್ಲವೋ ಹೇಳುತ್ತಿದ್ದಳು. ಗೋಡೆಯಾಚೆ ಯಾರ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಮೊದಲು ಬಿತ್ತು, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಮಾತು ಬಿಟ್ಟಿದ್ದು ಹೇಗೆ ಗೊತ್ತಾಯಿತು ಅಂದರೆ, ‘ಪಾತ್ರೆ ಇಡೋ ಸದ್ದು ಕೇಳು, ಗೊತ್ತಾಗಲ್ವಾ?’ ಎನ್ನುತ್ತಿದ್ದಳು.

ಕೇಳಿದ್ದನ್ನೆಲ್ಲ ಬಾಯಲ್ಲಿ ಮಾಡಿಯೂ ತೋರಿಸುತ್ತಿದ್ದಳು. ಕಾರ್ಖಾನೆಯ ಸೈರನ್ ಅಂದರೆ ಆಗ ಊರಿಗೆಲ್ಲ ಗಡಿಯಾರ. ಒಲೆಯ ಮೇಲೆ ಅನ್ನಕ್ಕಿಡುವುದು, ಮಕ್ಕಳಿಗೆ ತಲೆ ಬಾಚುವುದು, ಎಲ್ಲವೂ ಅದರ ಕೂಗಿನ ಮೇಲೆ. ಒಂದು ದಿನ ಅಕ್ಕ ನೀರಿಲ್ಲದ ಹಿತ್ತಾಳೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಗೆ ಬಾಯಿ ಕೊಟ್ಟು ‘ಊಂ...’ ಎಂದು ಶುರು ಮಾಡಿದಳು. ಸದ್ದು ಏರಿತು, ಏರಿ ನಿಂತಿತು, ಸೈರನ್ನಿನ ಹಾಗೆಯೇ ನಿಧಾನಕ್ಕೆ ಕುಸಿಯಿತು. ಪಕ್ಕದ ಮನೆಯ ಮುರುಗೇಶನ್ ಮಾಮ ಅರ್ಧ ಕೆನ್ನೆಗೆ ಸೋಪಿನ ನೊರೆ ಇಟ್ಟುಕೊಂಡೇ ಸೈಕಲ್ ಹತ್ತಿ ಕಾರ್ಖಾನೆ ಗೇಟಿನ ತನಕ ಹೋಗಿಬಿಟ್ಟರು. ವಾಪಸ್ ಬಂದವರು ಅಕ್ಕನನ್ನು ಬೈಯಲು ಬಾಯಿ ತೆರೆದು, ಬೈಯಲಾಗದೆ, ‘ಇನ್ನೊಂದು ವಾಟಿ, ಇನ್ನೊಂದ್ಸಲ ಮಾಡು ಕಣ್ಣು’ ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಜಗುಲಿಯ ಮೇಲೆ ಕೂತು ಕೇಳಿದರು.

ಈ ಅಕ್ಕ ಮುಂದೆ ಓದಿದಳು, ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದಳು, ಸಂಗೀತ ಕಲಿತಳು. ನೋಡಲು ಬಂದ ಗಂಡುಗಳು ಉಪ್ಪಿಟ್ಟು ತಿಂದು, ಕಾಲು ನೋಡಿ, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹೋದರು. ಅಕ್ಕ ಅವರ ಚಪ್ಪಲಿ ಸದ್ದನ್ನೂ ಮಾಡಿ ತೋರಿಸಿ ನಮ್ಮನ್ನು ನಗಿಸಿದ್ದಳು. ನಕ್ಕವರಲ್ಲಿ ಅಮ್ಮ ಮಾತ್ರ ಇರಲಿಲ್ಲ.

ರಿಟೈರ್ ಆದ ಮೇಲೆ ಅಕ್ಕ ವಚನ ಗಾಯನದ ಪಾಠ ಶುರು ಮಾಡಿದಳು. ಅವಳ ವಾಸ ಭದ್ರಾವತಿಯಲ್ಲಿ, ಶಿಷ್ಯೆಯರು ಹೆಚ್ಚಿನವರೆಲ್ಲ ಶಿವಮೊಗ್ಗದಲ್ಲಿ. ಅಷ್ಟು ವರ್ಷ ಅವಳನ್ನು ಅಪ್ಪನೋ ಅಣ್ಣನೋ ನಾನೋ ಯಾರೋ ಒಬ್ಬರು ಕರೆದುಕೊಂಡು ಹೋಗಬೇಕಿತ್ತು. ಮದುವೆ ಮನೆಯಲ್ಲಿ ಊಟ ಮುಗಿದು ಎಷ್ಟೋ ಹೊತ್ತಾದರೂ ಅಕ್ಕ ಬ್ಯಾಗು ಹಿಡಿದು ಕುರ್ಚಿಯಲ್ಲಿ ಕೂತಿರುತ್ತಿದ್ದಳು, ನಾವು ಎಲೆ ಅಡಿಕೆ ಹಾಕಿಕೊಂಡು ಹರಟೆ ಮುಗಿಸಿ ಬರುವ ತನಕ. ಆಮೇಲೆ ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರು ಬಂತು. ಅದು ಮಳೆಗೆ ಆಗುತ್ತಿರಲಿಲ್ಲ, ಶಿವಮೊಗ್ಗದ ದಾರಿಗೆ ಆಗುತ್ತಿರಲಿಲ್ಲ. ಒಂದು ದಿನ ಅಕ್ಕ ಯಾರನ್ನೂ ಕೇಳದೆ ಒಂದು ಸೆಕೆಂಡ್‌ಹ್ಯಾಂಡ್ ಆಟೊಮ್ಯಾಟಿಕ್ ಕಾರು ತೆಗೆದುಕೊಂಡಳು. ಕ್ಲಚ್ಚಿಲ್ಲ, ಎಡಗಾಲಿಗೆ ಕೆಲಸವಿಲ್ಲ, ಬಲಗಾಲೊಂದಿದ್ದರೆ ಸಾಕು. ‘ನನಗೋಸ್ಕರವೇ ಮಾಡಿದ್ದಾರೆ ಕಣೋ ರೇಣು’ ಎಂದಳು. ಕಾರು ಓಡಿಸುತ್ತ ಅವಳು ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಮನೆಯೆದುರು ಬಂದು ನಿಂತು ಹಾರ್ನ್ ಹೊಡೆದ ದಿನ ನಾನು ಹೊರಗೆ ಬಂದವನು ಕಾರಿನ ಬಾನೆಟ್ಟನ್ನು ಸವರುತ್ತ ನಿಂತೆ. ನಿಜ ಹೇಳುತ್ತೇನೆ, ನನ್ನ ಮಗಳಿಗೆ ಡಿಗ್ರಿ ಬಂದ ದಿನ ಕೂಡ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಅಣ್ಣನಿಗೆ ಮಾತ್ರ ಜೀವ ಕೈಯಲ್ಲಿ. ಅಣ್ಣ ಶಿವಮೊಗ್ಗದ ಅಡಿಕೆ ಮಂಡಿಯ ಮನುಷ್ಯ, ಗಟ್ಟಿ ಗಂಟಲು, ಮೆತ್ತನೆ ಕರುಳು. ಅಕ್ಕ ಭದ್ರಾವತಿ ಬಿಟ್ಟಳು ಅಂದರೆ ಶಿವಮೊಗ್ಗ ಮುಟ್ಟುವ ತನಕ ಫೋನು ಕೈಯಲ್ಲೇ ಹಿಡಿದಿರುತ್ತಿದ್ದ. ‘ಆ ರೋಡಲ್ಲಿ ಲಾರಿಯವರು ಹೆಂಗೆ ಬರ್ತಾರೆ ಗೊತ್ತಾ? ಇವಳಿಗೆ ಯಾಕೆ ಬೇಕಿತ್ತು ಮಾರಾಯ! ಹೇಳಿದ್ರೆ ನಾನೇ ಬಂದು ಬಿಡ್ತಿರಲಿಲ್ವಾ?’ ಎಂದು ನನ್ನ ಮೇಲೆ ರೇಗುತ್ತಿದ್ದ. ಅಕ್ಕನ ಕಾರಿನಲ್ಲಿ ಮಾತ್ರ ಒಂದು ದಿನವೂ ಕೂರಲಿಲ್ಲ.

ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಕಾರು ಸದ್ದು ಮಾಡತೊಡಗಿತು.

ಫೋನಿನಲ್ಲಿ ಅಕ್ಕ ಮೊದಲ ಸಲ ಅದನ್ನು ಮಾಡಿ ತೋರಿಸಿದಾಗ ನಾನು ಫೋನು ಕೆಳಗೆ ಬಿತ್ತೇನೋ ಅಂದುಕೊಂಡೆ. ‘ಟಣ್!’ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಹಾಗೆ. ‘ಬೆಳಿಗ್ಗೆ ಗೇರಿಗೆ ಹಾಕಿದ ಕೂಡ್ಲೇ ಬರತ್ತೆ ಕಣೋ. ಒಂದೇ ಸಲ. ಆಮೇಲೆ ದಿನವೆಲ್ಲ ಬಾಯಿ ಮುಚ್ಕೊಂಡಿರತ್ತೆ. ನನ್ನ ಸೊಂಟಕ್ಕೇ ಹೊಡೆದಂಗಾಗತ್ತೆ’ ಎಂದಳು. ಮಾರನೆಯ ವಾರ ನಾನು ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಅವಳ ಪಕ್ಕ ಕೂತೆ. ಊರೆಲ್ಲ ಸುತ್ತಿದೆವು. ಟಣ್ ಬರಲಿಲ್ಲ.

ಅಕ್ಕ ಸದ್ದನ್ನು ಹುಡುಕುವ ಕ್ರಮವೇ ಬೇರೆ, ನೀವು ನೋಡಬೇಕಿತ್ತು. ಮೊದಲು ಕಾರಿನಲ್ಲಿದ್ದ ನೀರಿನ ಬಾಟಲಿ, ಛತ್ರಿ, ಶ್ರುತಿಪೆಟ್ಟಿಗೆ, ಜಾಕು, ಸ್ಪ್ಯಾನರು ಎಲ್ಲವನ್ನೂ ಕೆಳಗಿಳಿಸಿದಳು. ನನ್ನನ್ನೂ ಇಳಿಸುತ್ತಿದ್ದಳೇನೋ, ‘ನೀನು ಉಸಿರಾಡೋದು ಸ್ವಲ್ಪ ಮೆತ್ತಗೆ’ ಎಂದು ಬಿಟ್ಟಳು. ಎಸಿ ಬಂದ್. ಕಿಟಕಿಗಳೆಲ್ಲ ಕೆಳಗೆ. ಕಾರು ನಿಂತಾಗ ಎಂಜಿನ್ ಏರಿಸಿ ಕೇಳಿದಳು, ಇಳಿಸಿ ಕೇಳಿದಳು. ನ್ಯೂಟ್ರಲ್ಲಿಗೆ ಹಾಕಿ ಕೇಳಿದಳು, ರಿವರ್ಸಿಗೆ ಹಾಕಿ ಕೇಳಿದಳು. ‘ನಿಂತಾಗಲೂ ಗುಂಯ್ ಅಂದ್ರೆ ಒಳಗಿನ ಎಣ್ಣೆ ಕಡಿಮೆ ಇದೆ ಅಂತ. ಓಡಿದ ಹಾಗೆಲ್ಲ ಏರಿದ್ರೆ ಚಕ್ರದ ಬೇರಿಂಗು. ಇದು ಎರಡೂ ಅಲ್ಲ’ ಎಂದಳು. ಇದನ್ನೆಲ್ಲ ಎಲ್ಲಿ ಕಲಿತೆ ಅಂದರೆ, ‘ಕಾರು ಹೇಳ್ತಾ ಇದೆಯಲ್ಲ, ಮೊಬೈಲಲ್ಲೂ ಸ್ವಲ್ಪ ನೋಡಿದೆ’ ಎಂದಳು. ಆಮೇಲೆ ಕಾರ್ಖಾನೆಯ ಉದ್ದನೆಯ ಕಾಂಪೌಂಡು ಗೋಡೆಯ ಪಕ್ಕ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ನಿಧಾನವಾಗಿ ಕಾರು ಬಿಟ್ಟಳು. ‘ಗೋಡೆ ಸದ್ದನ್ನ ವಾಪಸ್ ಕೊಡತ್ತೆ ಕಣೋ. ಬಯಲಲ್ಲಿ ಹೋದ್ರೆ ಗಾಳಿ ತಗೊಂಡು ಹೋಗತ್ತೆ.’ ನಾನೂ ಕಿವಿ ಹೊರಗೆ ಚಾಚಿ ಕೇಳಿದೆ. ನನಗೆ ಕೇಳಿದ್ದು ಟೈರಿನ ಸರಸರ, ಒಂದು ನಾಯಿ ಬೊಗಳಿದ್ದು. ಅಕ್ಕ ಹೇಳಿದಳು, ‘ಎಂಜಿನ್ ಸರಿ ಇದೆ, ಚಕ್ರ ಸರಿ ಇದೆ. ಎಡಗಡೆ ಹಿಂದಿನ ಟೈರಿನಲ್ಲಿ ಒಂದು ಚಿಕ್ಕ ಕಲ್ಲು ಸಿಕ್ಕಿಕೊಂಡಿದೆ, ತೆಗಿ.’ ಇಳಿದು ನೋಡಿದೆ. ಕಡಲೆಬೀಜದಷ್ಟು ಕಲ್ಲು ಇತ್ತು ಮಾರಾಯರೆ!

ಅಂಥ ಕಿವಿ ಹೇಳಿದ ಟಣ್ ಮಾತ್ರ ಯಾರ ಮುಂದೆಯೂ ಬರಲೊಲ್ಲದು. ಒಂದು ಶೋರೂಮಿಗೆ ಒಯ್ದೆವು. ಅವರು ಸುತ್ತಾಡಿಸಿಕೊಂಡು ಬಂದು, ಸದ್ದೇನೂ ಇಲ್ಲ, ಆದರೆ ಇದೆ ಅಂತ ನೀವು ಹೇಳುವುದಾದರೆ ಗೇರ್‌ಬಾಕ್ಸ್ ಇಳಿಸಿ ನೋಡಬೇಕು, ಇಳಿಸಿದ ಮೇಲೆ ಹೊಸದನ್ನೇ ಹಾಕುವುದು ಒಳ್ಳೆಯದು ಎಂದರು. ಹೊಸ ಗೇರ್‌ಬಾಕ್ಸಿನ ಬೆಲೆ ಕೇಳಿ ಇಬ್ಬರೂ ಅಲ್ಲಿ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದೆವು. ಕಾರಿನ ಬೆಲೆಯೇ ಅಷ್ಟಿರಲಿಲ್ಲ.

ಅಣ್ಣನಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಶಿವಮೊಗ್ಗದ ನಮ್ಮ ಮನೆಯಲ್ಲಿ ಮೂವರೂ ಊಟಕ್ಕೆ ಕೂತಾಗ ತೀರ್ಮಾನ ಹೇಳಿದ. ‘ನೋಡು ಗಂಗಾ, ಎರಡರಲ್ಲಿ ಒಂದು. ಸದ್ದು ಇರೋದು ನಿಜವಾದ್ರೆ ಗೇರ್‌ಬಾಕ್ಸ್ ಹೋಗಿದೆ, ದಾರಿ ಮಧ್ಯೆ ಕೈ ಕೊಡತ್ತೆ. ಸದ್ದು ಇಲ್ಲ ಅಂದ್ರೆ ನಿನ್ನ ಕಿವಿ ಹೋಗಿದೆ. ಇಲ್ಲದ್ದು ಕೇಳಿಸೋರು ರೋಡಲ್ಲಿ ಗಾಡಿ ಓಡಿಸಬಾರದು. ಹೆಂಗೆ ನೋಡಿದ್ರೂ ಮಾರೋದೇ ಸರಿ.’

‘ಕಾರಿನ ಕಿವಿ ಹಿಂಡೋದು ಬಿಟ್ಟು ನನ್ನ ಕಿವಿ ಹಿಂಡ್ತೀಯಾ?’ ಎಂದು ಅಕ್ಕ ನಗಲು ನೋಡಿದಳು. ಅಣ್ಣ ನಗಲಿಲ್ಲ. ‘ನಮಗೂ ವಯಸ್ಸಾಯ್ತು ಕಣೇ’ ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಅದು ಹೆಚ್ಚು ತಾಗಿತು. ಅಕ್ಕ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. ಅಣ್ಣ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, ‘ರೇಣು, ನಿಜ ಹೇಳು, ನಿಂಗೆ ಒಂದು ಸಲಾನೂ ಕೇಳಿಸಿಲ್ವಾ?’ ಎಂದಳು. ಇಲ್ಲ ಎನ್ನಬೇಕಾಯಿತು. ಕಾಲು ಹೋಗಿದ್ದಕ್ಕೆ ಅಕ್ಕ ಅತ್ತಿದ್ದನ್ನು ನಾನು ನೋಡಿಲ್ಲ. ಆ ದಿನ ಕಣ್ಣು ತುಂಬಿಕೊಂಡಳು. ಅವಳಿಗೆ ಕಾರು ಹೋಗುತ್ತದೆ ಎನ್ನುವುದಕ್ಕಿಂತ ಕಿವಿ ಸುಳ್ಳು ಹೇಳುತ್ತಿದೆಯೇನೋ ಎನ್ನುವುದೇ ದೊಡ್ಡ ಹೆದರಿಕೆ. ಕಿವಿ ಹೋದರೆ ಪಾಠ ಹೋಯಿತು, ಕಾರು ಹೋದರೆ ಮತ್ತೆ ಬ್ಯಾಗು ಹಿಡಿದು ಕುರ್ಚಿಯಲ್ಲಿ ಕೂರಬೇಕು. ಕೊನೆಗೆ, ‘ಆಯ್ತು, ಗಿರಾಕಿ ಇದ್ರೆ ಕರ್ಕೊಂಡು ಬರಲಿ ಅನ್ನು’ ಎಂದಳು. ಅಣ್ಣ ಮಾರನೆಯ ದಿನವೇ ಸಾಗರದ ಕಡೆಯ ಒಬ್ಬ ವ್ಯಾಪಾರಿಯನ್ನು ಗೊತ್ತು ಮಾಡಿ, ಭಾನುವಾರ ಬರುತ್ತಾರೆ ಎಂದು ಫೋನು ಮಾಡಿದ.

ನನಗೆ ಮನಸ್ಸು ತಡೆಯಲಿಲ್ಲ. ಭಾನುವಾರಕ್ಕೆ ಮೊದಲು ಒಂದು ಸಲ ಮಾಚೇನಹಳ್ಳಿಯ ಸೆಲ್ವಣ್ಣನ ಶೆಡ್ಡಿಗೆ ಹೋಗೋಣ ಎಂದು ಅಕ್ಕನನ್ನು ಹೊರಡಿಸಿದೆ. ಸೆಲ್ವಣ್ಣ ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳಿನವನು. ವಿನಯಕ್ಕೂ ಅವನಿಗೂ ಆಗಿಬರುವುದಿಲ್ಲ. ‘ಆಟೊಮ್ಯಾಟಿಕ್ ಅಂದ್ರೆ ಈ ಜಿಲ್ಲೇಲಿ ನಾನೇ. ಬೆಂಗಳೂರಿಂದ ಗಾಡಿ ಬರ್ತವೆ ನನ್ನತ್ರ, ಗೊತ್ತಾ?’ ಎನ್ನುವುದು ಅವನ ನಮಸ್ಕಾರ. ಮಾತು ದೊಡ್ಡದಾದರೂ ಕೆಲಸವೂ ದೊಡ್ಡದೇ. ಕಾರನ್ನು ಲಿಫ್ಟಿಗೆ ಏರಿಸಿ, ಎಣ್ಣೆ ತೆಗೆದು ಬೆರಳಿಗೆ ಹಚ್ಚಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ತಾಗಿಸಿ ಹಿಡಿಗೆ ಕಿವಿ ಕೊಟ್ಟ. ‘ಅಕ್ಕಾ, ಎಣ್ಣೆ ಸುಟ್ಟ ವಾಸನೆ ಇಲ್ಲ, ಕಬ್ಬಿಣದ ಪುಡಿ ಇಲ್ಲ. ಗೇರ್‌ಬಾಕ್ಸು ಬೆಣ್ಣೆ ಇದ್ದಂಗೆ ಇದೆ. ಸೌಂಡೇ ಇಲ್ವಲ್ಲ!’

‘ನನಗೂ ಕೊಡಿ’ ಎಂದು ಅಕ್ಕ ಸ್ಕ್ರೂಡ್ರೈವರಿಗೆ ಕೈಚಾಚಿದಳು. ಕೇಳಿದಳು. ಮುಖ ಸಣ್ಣದಾಯಿತು. ಬೆಣ್ಣೆಯಂತೆಯೇ ಇತ್ತು.

‘ಸರಿ ಅಕ್ಕಾ, ಬಾಯಲ್ಲಿ ಮಾಡಿ ತೋರಿಸಿ ನೋಡೋಣ’ ಎಂದ ಸೆಲ್ವಣ್ಣ. ಬಂದವರಿಗೆಲ್ಲ ಹೇಳುವ ಹಾಗೆ ಹೇಳಿದ, ಪಾಪ, ಎದುರಿಗಿರುವವಳು ಯಾರೆಂದು ಅವನಿಗೇನು ಗೊತ್ತು.

ಅಕ್ಕ ಸ್ಟೂಲಿನ ಮೇಲೆ ನೇರವಾಗಿ ಕೂತಳು, ಊರುಗೋಲನ್ನು ಪಕ್ಕಕ್ಕಿಟ್ಟಳು, ಕಣ್ಣು ಮುಚ್ಚಿದಳು. ಬರಿಯ ಟಣ್ ಅನ್ನುತ್ತಾಳೆ ಎಂದು ನಾನು ಕಾದಿದ್ದೆ. ಅಕ್ಕ ತನ್ನ ಇಡೀ ಬೆಳಗನ್ನೇ ಶುರು ಮಾಡಿದಳು. ಗೇಟು ‘ಕೀಂಯ್’ ಎಂದಿತು. ಏನೋ ‘ಚರ್ರ್’ ಎಂದು ಸಿಮೆಂಟಿನ ಮೇಲೆ ಜಾರಿತು. ಬಾಗಿಲು ‘ದಬ್’ ಎಂದಿತು. ಸ್ಟಾರ್ಟರು ‘ಕ್ರಿಚಿಚಿಚಿ’ ಎಂದು ಎದ್ದು, ಎಂಜಿನ್ನು ‘ಹುಂ’ ಎಂದು ಕೂತಿತು. ಆಮೇಲೆ ಗೇರಿನ ಕಡ್ಡಿಯ ಸಣ್ಣ ‘ಕ್ಳಿಕ್’. ಒಂದು ಕ್ಷಣ ಬಿಟ್ಟು, ‘ಟಣ್!’ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಕೆಲಸದವನೊಬ್ಬ ನಮ್ಮ ಕಾರಿನ ಹತ್ತಿರ ಏನೋ ಬಿತ್ತೆಂದು ಓಡಿ ಬಂದ. ಸೆಲ್ವಣ್ಣ ಬಾಯಿ ತೆರೆದುಕೊಂಡು ನಿಂತಿದ್ದ. ಆ ಬಾಯಿಂದ ಮಾತು ಬಾರದೆ ಇದ್ದದ್ದು ಅದೇ ಮೊದಲಿರಬೇಕು.

‘ಅಯ್ಯೋ, ಇನ್ನೊಂದ್ಸಲ ಮಾಡಿ ಅಕ್ಕಾ’ ಎಂದ. ಅಕ್ಕ ಮಾಡಿದಳು. ಅದೇ ಕೀಂಯ್, ಅದೇ ಚರ್ರ್, ಅದೇ ದಬ್. ಸೆಲ್ವಣ್ಣ ಕೈ ಎತ್ತಿ ನಿಲ್ಲಿಸಿದ. ‘ಆ ಚರ್ ಯಾವುದಕ್ಕಾ? ಗೇಟು ಆದ್ಮೇಲೆ, ಬಾಗಿಲಿಗೆ ಮೊದಲು?’

‘ಅದು ಕಲ್ಲು.’

‘ಯಾವ ಕಲ್ಲು?’

‘ಚಕ್ರಕ್ಕೆ ಕೊಟ್ಟಿರ್ತೀನಲ್ಲ, ಹಿಂದಗಡೆ. ಬಗ್ಗೋಕಾಗಲ್ಲ ಅಂತ ಹಗ್ಗ ಕಟ್ಟಿದ್ದೀನಿ, ಎಳೀತೀನಿ.’

‘ಮನೆಯತ್ರ ಏರು ಇದೆಯಾ?’

ಇದೆ. ಭದ್ರಾ ಹೊಳೆ ತುಂಬಿದರೆ ಅಕ್ಕನ ಬೀದಿಗೆ ನೀರು ಬರುತ್ತದೆ. ಅದಕ್ಕೇ ಅಲ್ಲಿನ ಮನೆಗಳೆಲ್ಲ ಎತ್ತರದ ಪಾಯದ ಮೇಲಿವೆ, ರಸ್ತೆಯಿಂದ ಪೋರ್ಟಿಕೊಗೆ ಕಡಿದಾದ ಏರು.

‘ಹ್ಯಾಂಡ್‌ಬ್ರೇಕು ಹಾಕಲ್ವಾ?’

‘ಮಳೆಗಾಲದಲ್ಲಿ ಯಾರಾದ್ರೂ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸ್ತಾರಾ?’ ಅಕ್ಕನೂ ನಾನೂ ಒಟ್ಟಿಗೆ ಅಂದೆವು. ಅದು ನಮ್ಮಪ್ಪನ ಶಾಸನ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಮಳೆಯ ಥಂಡಿಗೆ ಬ್ರೇಕು ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಚಕ್ರ ತಿರುಗುವುದಿಲ್ಲ, ಗೇರಿಗೆ ಹಾಕು, ಚಕ್ರಕ್ಕೆ ಕಲ್ಲು ಕೊಡು. ಜೀಪು ಓಡಿಸಿದ ಅಪ್ಪ ಹೀಗೆ ಹೇಳಿ ಹೋದರು, ನಾವು ಮೂವರೂ ಇವತ್ತಿಗೂ ಹಾಗೇ ಮಾಡುತ್ತೇವೆ. ಅಣ್ಣನ ಕಾರಿನ ಡಿಕ್ಕಿಯಲ್ಲೂ ಒಂದು ಕಲ್ಲಿದೆ.

ಸೆಲ್ವಣ್ಣ ಹಣೆ ಬಡಿದುಕೊಂಡು ನಗತೊಡಗಿದ. ಆಮೇಲೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಎರಡು ಬೆರಳುಗಳಿಂದಲೇ ತೋರಿಸಿದ. ಆಟೊಮ್ಯಾಟಿಕ್ ಕಾರನ್ನು ನಿಲ್ಲಿಸುವಾಗ ಪಾರ್ಕ್ ಎನ್ನುವ ಗೇರಿಗೆ ಹಾಕಿದರೆ ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಏರಿನಲ್ಲಿ ಬ್ರೇಕಿನ ಮೇಲಿನ ಕಾಲು ತೆಗೆದರೆ ಕಾರು ಚೂರು ಹಿಂದೆ ಜಾರಿ, ತನ್ನ ಭಾರವನ್ನೆಲ್ಲ ಆ ಕೊಕ್ಕೆಯ ಮೇಲೆ ಹೇರಿ ಕೂತುಬಿಡುತ್ತದೆ. ಕಲ್ಲು ಕೊಡುವುದು ಆಮೇಲೆ. ಬೆಳಿಗ್ಗೆ ರಿವರ್ಸಿಗೆ ಎಳೆದಾಗ ಅಷ್ಟು ಭಾರ ಹೊತ್ತ ಕೊಕ್ಕೆ ಒಮ್ಮೆಲೇ ಬಿಡುತ್ತದೆ. ಟಣ್. ‘ಶೆಡ್ಡು ಸಪಾಟು, ಶೋರೂಮು ಸಪಾಟು, ರೋಡು ಸಪಾಟು. ಎಲ್ಲಿಂದ ಬರತ್ತೆ ಸೌಂಡು? ನಿಮ್ಮ ಬಾಯಲ್ಲಿ ಆ ಕಲ್ಲು ಬರಲಿಲ್ಲ ಅಂದ್ರೆ ನಮ್ಮಪ್ಪನಾಣೆ ನನಗೂ ಗೊತ್ತಾಗ್ತಿರಲಿಲ್ಲ ಅಕ್ಕಾ. ಗೇರ್‌ಬಾಕ್ಸ್ ಬಿಚ್ಚಿ ಗುಡ್ಡೆ ಹಾಕ್ತಿದ್ದೆ.’

ಹೀಗೇ ವರ್ಷಗಟ್ಟಲೆ ಬಿಟ್ಟರೆ ಕೊಕ್ಕೆ ಸವೆಯುತ್ತದೆ, ಈಗ ಏನೂ ಆಗಿಲ್ಲ ಎಂದ. ಬ್ರೇಕು ತುಳಿದುಕೊಂಡೇ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ತೆಗೆದು, ಕಾರು ಹ್ಯಾಂಡ್‌ಬ್ರೇಕಿನ ಮೇಲೆ ಕೂತ ನಂತರ ಪಾರ್ಕಿಗೆ ಹಾಕಬೇಕು. ದಿನಾ ಓಡಿಸುವ ಕಾರಿಗೆ ಬ್ರೇಕು ಹಿಡಿದುಕೊಳ್ಳುವುದಿಲ್ಲ, ಅದು ವಾರಗಟ್ಟಲೆ ನೆನೆಯುತ್ತ ನಿಲ್ಲುವ ಜೀಪಿನ ಕಾಲದ ಮಾತು. ಅಕ್ಕ ಊರುಗೋಲನ್ನು ಮುಟ್ಟಲೂ ಇಲ್ಲ. ತನ್ನ ಎರಡೂ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಸೆಲ್ವಣ್ಣ ದುಡ್ಡು ಮುಟ್ಟಲಿಲ್ಲ. ಅದರ ಬದಲು ಶೆಡ್ಡಿನಲ್ಲಿದ್ದ ಕಾರುಗಳ ಸದ್ದನ್ನೆಲ್ಲ ಒಂದೊಂದಾಗಿ ಮಾಡಿಸಿಕೊಂಡು, ಚಪ್ಪಾಳೆ ತಟ್ಟಿ, ಟೀ ತರಿಸಿದ.

ದಾರಿಯಲ್ಲಿ ನನಗೆ ಹೊಳೆಯಿತು: ಟಣ್ ನನಗೆ ಕೇಳಿಸದೆ ಇರಲಿಲ್ಲ. ಅಕ್ಕನ ಪೋರ್ಟಿಕೊ ಇಕ್ಕಟ್ಟು, ಅವಳ ಪಕ್ಕದ ಸೀಟಿನ ಬಾಗಿಲು ತೆರೆಯಲು ಜಾಗವಿಲ್ಲ. ಅಕ್ಕ ಕಾರನ್ನು ಹಿಂದೆ ಬಿಡುವ ತನಕ ನಾವು ಯಾವಾಗಲೂ ರಸ್ತೆಯಲ್ಲೇ ನಿಲ್ಲುವುದು. ಅಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೆ, ಗೇಟು ಬಡಿದುಕೊಂಡಿತು ಎಂದುಕೊಂಡಿದ್ದೆ. ಅಕ್ಕನಿಗೆ ಹೇಳಿದರೆ, ‘ನೀನು ಪಾಠ ಹೇಳಿಕೊಟ್ಟ ಮಕ್ಕಳು ಹೆಂಗೆ ಪಾಸಾದ್ವೋ!’ ಎಂದಳು.

ಅಣ್ಣನಿಗೆ ಫೋನು ಮಾಡಿದೆ. ‘ಕಲ್ಲಂತೆ, ಕೊಕ್ಕೆಯಂತೆ! ಗಿರಾಕಿ ಬರೋದು ಬರ್ತಾರೆ, ನೀನು ಸುಮ್ನಿರು’ ಎಂದ. ಭಾನುವಾರ ಬೆಳಿಗ್ಗೆ ಹೇಳಿದ ಹಾಗೆಯೇ ಸಾಗರದ ವ್ಯಾಪಾರಿಯ ಕಾರಿನಲ್ಲಿ ಬಂದಿಳಿದ. ಅಕ್ಕ ಕಾರನ್ನು ಮೊದಲೇ ರಸ್ತೆಗೆ ತಂದು, ಸ್ಟೀರಿಂಗಿನ ಮುಂದೆ ಕೂತಿದ್ದಳು. ಎಡಗಡೆಯ ಬಾಗಿಲನ್ನು ಒಳಗಿನಿಂದ ತೆರೆದು, ‘ಅಣ್ಣ, ಹತ್ತು’ ಎಂದಳು. ವ್ಯಾಪಾರಿಯೆದುರು ಇಲ್ಲ ಎನ್ನಲಾಗದೆ ಅಣ್ಣ ಹತ್ತಿದ. ನಾನೂ ಹಿಂದೆ ತೂರಿಕೊಂಡೆ.

ಅಕ್ಕ ಏರು ಹತ್ತಿಸಿದಳು. ಮೊದಲು ನಮ್ಮಪ್ಪನ ಶಾಸನದ ಪ್ರಕಾರ ಬರಿಯ ಪಾರ್ಕಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದಳು. ಕಾರು ಚೂರು ಜಾರಿ ಕೂತಿತು. ರಿವರ್ಸಿಗೆ ಎಳೆದಳು. ‘ಟಣ್!’

ಅಣ್ಣ ಸೀಟಿನಿಂದ ಹಾರಿದ. ‘ಅಯ್ಯಯ್ಯೋ! ಇದೇನೇ ಇದು!’

‘ಇದೇ. ನನ್ನ ಕಿವಿಯೊಳಗೆ ಇದ್ದದ್ದು’ ಎಂದಳು ಅಕ್ಕ. ಕಾರನ್ನು ಇಳಿಸಿ, ಮತ್ತೆ ಹತ್ತಿಸಿ, ಈ ಸಲ ಸೆಲ್ವಣ್ಣ ಹೇಳಿದಂತೆ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಪಾರ್ಕಿಗೆ ಹಾಕಿದಳು. ಮತ್ತೆ ರಿವರ್ಸು. ಏನೂ ಇಲ್ಲ. ಎಂಜಿನ್ನಿನ ಸಣ್ಣ ಹುಂಕಾರ ಬಿಟ್ಟರೆ ಏನೂ ಇಲ್ಲ. ‘ಇನ್ನೊಂದ್ಸಲ’ ಎಂದ ಅಣ್ಣ. ಇನ್ನೊಂದು ಸಲವೂ ಇಲ್ಲ. ಅಣ್ಣ ಅಕ್ಕನ ಮುಖ ನೋಡಿದ. ಹ್ಯಾಂಡ್‌ಬ್ರೇಕಿನ ಮೇಲಿದ್ದ ಅವಳ ಕೈಯನ್ನು ಒಂದು ಸಲ ತಟ್ಟಿದ. ರಸ್ತೆಗೆ ಬಂದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ವ್ಯಾಪಾರಿಗೆ, ‘ತಪ್ಪು ತಿಳ್ಕೋಬೇಡಿ ಸ್ವಾಮಿ. ಈ ಕಾರು ಮಾರೋದಿಲ್ಲ. ನಿಮಗೆ ಬೇರೆ ಒಳ್ಳೇದು ಹುಡುಕಿ ಕೊಡ್ತೀನಿ’ ಎಂದ. ಆ ಮನುಷ್ಯ ಗೊಣಗುತ್ತ ತನ್ನ ಕಾರು ಹತ್ತಿ ಹೋದ.

ಅಣ್ಣನಿಗೆ ವಾಪಸು ಹೋಗಲು ಗಾಡಿ ಇಲ್ಲದಾಯಿತು. ‘ನನ್ನ ಬಸ್‌ಸ್ಟ್ಯಾಂಡಿಗೆ ಬಿಡು’ ಎಂದ.

‘ನಾನು ಪಾಠಕ್ಕೆ ಶಿವಮೊಗ್ಗಕ್ಕೇ ಹೊರಟಿದ್ದೀನಿ. ಬೆಲ್ಟ್ ಹಾಕ್ಕೋ’ ಎಂದಳು ಅಕ್ಕ.

ಅಣ್ಣ ಬೆಲ್ಟು ಹಾಕಿಕೊಂಡ. ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ, ಇನ್ನೊಂದು ಕೈಯಲ್ಲಿ ಸೀಟಿನ ಅಂಚು. ಎದುರಿಗೆ ಲಾರಿ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಮುಂದಕ್ಕೆ ಹೋಗಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ‘ನಿಧಾನ... ನಿಧಾನ... ಹಂಪು ನೋಡೇ...’ ಎನ್ನುತ್ತಿದ್ದ. ಅಕ್ಕ ‘ಹೂಂ’ ಎನ್ನುತ್ತ ತನ್ನ ಪಾಡಿಗೆ ಓಡಿಸುತ್ತಿದ್ದಳು. ಮಾಚೇನಹಳ್ಳಿ ಹತ್ತಿರವಾದಂತೆ ‘ನಿಧಾನ’ಗಳು ಕಡಿಮೆಯಾದವು. ಮಳೆ ಸಣ್ಣಗೆ ಹನಿಯತೊಡಗಿತು, ವೈಪರು ಆಡತೊಡಗಿತು. ಹಿಡಿಯಲ್ಲಿದ್ದ ಕೈ ಯಾವಾಗಲೋ ಕೆಳಗಿಳಿದು ತೊಡೆಯ ಮೇಲೆ ಬಿದ್ದಿತ್ತು. ಬಲಗಾಲು ತುಳಿಯುವುದನ್ನು ಮರೆತಿತ್ತು. ತುಂಗೆಯ ಸೇತುವೆ ದಾಟುವಾಗ ನಾನು ಬಗ್ಗಿ ನೋಡಿದರೆ ಅಣ್ಣನ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ದುರ್ಗಿಗುಡಿಯಲ್ಲಿ ಅಣ್ಣನ ಮನೆಯ ತಿರುವು ಬಂತು. ಅಕ್ಕ ತಿರುಗಿಸಲಿಲ್ಲ. ನೇರವಾಗಿ ಸಾಗರ ರಸ್ತೆಗೆ ಹೋದಳು, ಆಲ್ಕೊಳ ಸರ್ಕಲ್ಲಿಗೆ ಬಂದಳು, ನನ್ನ ಮನೆಯ ದಾರಿಯನ್ನೂ ಬಿಟ್ಟಳು.

‘ಅಕ್ಕಾ, ತಿರುವು ದಾಟಿಹೋಯ್ತು. ನಿಂಗೆ ಪಾಠಕ್ಕೆ ತಡ ಆಗಲ್ವಾ?’ ಎಂದೆ.

‘ಶ್... ಮೆಲ್ಲಗೆ ಮಾತಾಡೋ’ ಎಂದಳು ಅಕ್ಕ. ‘ಇನ್ನೊಂದು ಸುತ್ತು ಹೊಡಿತೀನಿ. ಮಲಗಿದ್ದಾನೆ.’